ವಿಯು2ಯುಆರ್‌ಸಿ: ಉಪಗ್ರಹ ಕೇಂದ್ರದ ಹವ್ಯಾಸಿ ರೇಡಿಯೊ ಬಳಗ

ಹವ್ಯಾಸಿ ರೇಡಿಯೊದಲ್ಲಿ ಕಚೇರಿಯ ಕೆಲಸದ ಮಾತು ಆಡುವಂತಿಲ್ಲ. ಸ್ವಂತ ಕಲಿಕೆ, ಪರಸ್ಪರ ಸಂಪರ್ಕ ಮತ್ತು ತಾಂತ್ರಿಕ ಶೋಧನೆಗಾಗಿ, ಹಣದ ಆಸೆಯಿಲ್ಲದೆ, ಪರವಾನಗಿ ಪಡೆದವರು ನಡೆಸುವ ಸೇವೆ ಇದು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ನಮ್ಮ ದೇಶದ 1978ರ ಹವ್ಯಾಸಿ ನಿಯಮಗಳೂ ಇದೇ ದಾರಿಯವು. ಹಾಗಾದರೆ ಒಂದು ಕಚೇರಿಯ ಒಳಗೆ, ಅಲ್ಲಿನ ಉದ್ಯೋಗಿಗಳೇ ಸೇರಿ ಕಟ್ಟಿಕೊಂಡ ರೇಡಿಯೊ ಕ್ಲಬ್ಬಿಗೆ ಏನು ಕೆಲಸ? ಮೈಕ್ ಹಿಡಿದ ಮೇಲೆ ಹುದ್ದೆ, ವಿಭಾಗ, ಕಡತ ಯಾವುದೂ ಲೆಕ್ಕಕ್ಕಿಲ್ಲ. ಉಳಿಯುವುದು ಕರೆ ಸಂಕೇತ ಮತ್ತು ಕೈಯಲ್ಲಿರುವ ವಿದ್ಯೆ. ಸಂಸ್ಥೆಯೊಳಗೆ ಬೆಳೆದ ವಿದ್ಯೆಯನ್ನು ಸಂಸ್ಥೆಯ ಹೊರಗಿನವರ ಕೈಗೆ ಕೊಡಲು ಇದಕ್ಕಿಂತ ನೇರವಾದ ಬಾಗಿಲು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದ ಉಪಗ್ರಹ ಅಮೆಚೂರ್ ರೇಡಿಯೊ ಕ್ಲಬ್, ಅಂದರೆ ಜಗತ್ತಿನ ಹವ್ಯಾಸಿ ರೇಡಿಯೊದವರು (ಹ್ಯಾಮ್‌ಗಳು) ವಿಯು2ಯುಆರ್‌ಸಿ ಎಂದು ಬಲ್ಲ ಬಳಗ, ಆ ನಂಬಿಕೆಗೆ ನನಗಿರುವ ದೊಡ್ಡ ಆಧಾರ.

ಬಾಹ್ಯಾಕಾಶ ಸಂಸ್ಥೆಗಳಲ್ಲಿ ಇಂಥ ಕ್ಲಬ್ಬುಗಳಿಗೆ ಹಳೆಯ ಪರಂಪರೆ ಇದೆ. ನಾಸಾದ ಗೊಡಾರ್ಡ್ ಕೇಂದ್ರದ ನೌಕರರ ಕ್ಲಬ್ ಡಬ್ಲ್ಯುಎ3ಎನ್‌ಎಎನ್ ಎಂಬ ಸಂಕೇತದಿಂದ ಬಾಹ್ಯಾಕಾಶ ಶಟಲ್ ಯಾನಗಳ ಸಂಭಾಷಣೆಯನ್ನು ಶಾರ್ಟ್‌ವೇವ್‌ನಲ್ಲಿ ಮರುಪ್ರಸಾರ ಮಾಡುತ್ತಿತ್ತು. ಇಂಟರ್‌ನೆಟ್ ಇಲ್ಲದ ಆ ಕಾಲದಲ್ಲಿ ಒಂದು ಸಾಧಾರಣ ರಿಸೀವರ್ ಇದ್ದವರೂ ಮನೆಯಲ್ಲೇ ಕುಳಿತು ಗಗನಯಾತ್ರಿಗಳ ದನಿ ಕೇಳುವಂತಾಯಿತು. ಹ್ಯೂಸ್ಟನ್ನಿನ ಜಾನ್ಸನ್ ಕೇಂದ್ರದಲ್ಲಿ ಡಬ್ಲ್ಯು5ಆರ್‌ಆರ್‌ಆರ್, ಪ್ಯಾಸಡೀನಾದ ಜೆಪಿಎಲ್‌ನಲ್ಲಿ ಡಬ್ಲ್ಯು6ವಿಐಒ ಇವೆ. ಗಗನಯಾತ್ರಿ ಓವೆನ್ ಗ್ಯಾರಿಯಟ್ 1973ರ ಸ್ಕೈಲ್ಯಾಬ್ ಯಾನದಲ್ಲೇ ಹ್ಯಾಮ್ ರೇಡಿಯೊ ಒಯ್ಯಲು ಬಯಸಿದ್ದರು, ಆಗ ಒಪ್ಪಿಗೆ ಸಿಗಲಿಲ್ಲ. ಹತ್ತು ವರ್ಷದ ಮೇಲೆ, 1983ರ ನವೆಂಬರ್ 28ರಂದು ಹೊರಟ ಕೊಲಂಬಿಯಾ ನೌಕೆಯಲ್ಲಿ ಅವರ ಪುಟ್ಟ ರೇಡಿಯೊ ಜೊತೆಗಿತ್ತು. ಬಾಹ್ಯಾಕಾಶದಿಂದ ಭೂಮಿಯ ಹವ್ಯಾಸಿಗಳೊಡನೆ ಮಾತಾಡಿದ ಮೊದಲಿಗರು ಅವರು. ಜೋರ್ಡಾನಿನ ದೊರೆ ಹುಸೇನರೂ ಜೆವೈ1 ಎಂಬ ತಮ್ಮ ಸಂಕೇತದಲ್ಲಿ ಅವರೊಡನೆ ಮಾತಾಡಿದರು. ಆ ಹತ್ತು ವರ್ಷ ಅರ್ಜಿ ಕೈಬಿಡದೆ, ಸುರಕ್ಷತೆಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ಬಂದವರಲ್ಲಿ ಅಮೆರಿಕದ ಹವ್ಯಾಸಿ ಸಂಘಗಳ ಜೊತೆಗೆ ಜಾನ್ಸನ್ ಕೇಂದ್ರದ ಕ್ಲಬ್ಬೂ ಇತ್ತು. ಸಂಸ್ಥೆಯ ಒಳಗಿನ ಕ್ಲಬ್ಬಿಗೆ ಇರುವ ಅನುಕೂಲವೇ ಇದು. ಯಾರ ಮೇಜಿನ ಮೇಲೆ ಕಡತ ನಿಂತಿದೆ, ಯಾವ ತಾಂತ್ರಿಕ ಆಕ್ಷೇಪಕ್ಕೆ ಯಾವ ಪರೀಕ್ಷೆಯಿಂದ ಉತ್ತರ ಹೇಳಬಹುದು ಎಂಬುದು ಒಳಗಿನವರಿಗೆ ಗೊತ್ತಿರುತ್ತದೆ.

ಬೆಂಗಳೂರಿನಲ್ಲಿ ನೆಲ ಮೊದಲೇ ಹದವಾಗಿತ್ತು. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ 1959ರಿಂದ ನಡೆದುಬಂದಿದೆ. ಎಚ್‌ಎಎಲ್, ಬಿಇಎಲ್, ಐಟಿಐ, ಭಾರತೀಯ ವಿಜ್ಞಾನ ಸಂಸ್ಥೆ ಇದ್ದ ಊರಿನಲ್ಲಿ ಬೆಸುಗೆ ಕಡ್ಡಿ ಹಿಡಿಯಬಲ್ಲ ಕೈಗಳಿಗೆ ಕೊರತೆಯಿರಲಿಲ್ಲ. 1972ರಲ್ಲಿ ಉಪಗ್ರಹ ಕೇಂದ್ರ ಶುರುವಾದಾಗ ಅದಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಪ್ರೊ. ಯು. ಆರ್. ರಾವ್ ಅವರ ತಂಡ 360 ಕಿಲೋ ತೂಕದ ಆರ್ಯಭಟವನ್ನು ಕಟ್ಟಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೇಂದ್ರ ಮುಂದೆ ವಿಮಾನಪುರಕ್ಕೆ ಬಂತು, 2018ರ ಏಪ್ರಿಲ್‌ನಲ್ಲಿ ಯು. ಆರ್. ರಾವ್ ಉಪಗ್ರಹ ಕೇಂದ್ರವಾಯಿತು. ದಿನವಿಡೀ ಟ್ರಾನ್ಸ್‌ಪಾಂಡರ್, ಆಂಟೆನಾ, ಟೆಲಿಮೆಟ್ರಿ ಎನ್ನುತ್ತಿರುವವರ ನಡುವೆ ಹ್ಯಾಮ್ ಕ್ಲಬ್ ಹುಟ್ಟಿದ್ದು ಅಚ್ಚರಿಯೇನಲ್ಲ.

ಹುಟ್ಟುವುದು ಸುಲಭ, ನಡೆಸುವುದು ಹಾಗಲ್ಲ. ಕಾವಲಿರುವ ಆವರಣಕ್ಕೆ ಹೊರಗಿನ ಹ್ಯಾಮ್‌ಗಳು ಸಂಜೆ ಸುಮ್ಮನೆ ಬಂದುಹೋಗಲಾಗದು. ಅತಿಸೂಕ್ಷ್ಮ ಗ್ರಾಹಕಗಳ ಪರೀಕ್ಷೆ ನಡೆಯುವ ಕಡೆ ನೂರು ವಾಟ್ ಟ್ರಾನ್ಸ್‌ಮಿಟರ್ ಒತ್ತುವ ಮೊದಲು ಹತ್ತು ಸಲ ಯೋಚಿಸಬೇಕು. ಪರವಾನಗಿ ಇರುವವರು ಉಡಾವಣೆಯ ತಿಂಗಳಿನಲ್ಲಿ ಶ್ರೀಹರಿಕೋಟಾಕ್ಕೆ ಹೋಗಿಬಿಡುತ್ತಾರೆ. ಕ್ಲಬ್ಬಿನ ಪರವಾನಗಿಗೆ ಜವಾಬ್ದಾರರಾದವರು ನಿವೃತ್ತರಾದರೆ ಕಾಗದಪತ್ರ ಮತ್ತೆ ಮೊದಲಿನಿಂದ. ಊರ ಕ್ಲಬ್ಬಿಗೆ ಈ ತಾಪತ್ರಯಗಳಿಲ್ಲ. ಅಲ್ಲಿ ಸದಸ್ಯರು ಅರವತ್ತಕ್ಕೆ ನಿವೃತ್ತರಾಗುವುದಿಲ್ಲ, ಅರವತ್ತರ ಮೇಲೆಯೇ ಹೆಚ್ಚು ಹೊತ್ತು ಸಿಗುತ್ತಾರೆ!

ಇನ್ನು ಹವ್ಯಾಸಿಗಳ ಉಪಗ್ರಹ ಹ್ಯಾಮ್‌ಸ್ಯಾಟ್. ಈ ಲೇಖನವನ್ನು ನಾನು ಒಪ್ಪಿಕೊಂಡಿದ್ದೇ ಅದರ ಬಗ್ಗೆ ಬರೆಯಲು.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ (ವಿಯು2ಆರ್‌ಬಿಐ) ಅವರ ನೇತೃತ್ವದ ಹ್ಯಾಮ್ ತಂಡವೊಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ಬಹುಕಾಲ ಹವ್ಯಾಸಿ ರೇಡಿಯೊ ಕೇಳಿಬರದಿದ್ದ ಅಂಡಮಾನಿನಿಂದ ಜಗತ್ತಿನ ಹ್ಯಾಮ್‌ಗಳನ್ನು ಮಾತಾಡಿಸುವುದು ಅವರ ಉದ್ದೇಶ. ಡಿಸೆಂಬರ್ 26ರ ಬೆಳಗ್ಗೆ ಸುನಾಮಿ ಬಂತು. ದ್ವೀಪಗಳಲ್ಲಿ ಮಾಮೂಲಿ ಸಂಪರ್ಕ ಕಡಿದುಹೋದಾಗ ಆ ತಂಡದ ಅದೇ ರೇಡಿಯೊಗಳು ಬದುಕುಳಿದವರ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದವು. ದೇಶದ ಪತ್ರಿಕೆಗಳಲ್ಲಿ ಹ್ಯಾಮ್ ಎಂಬ ಹೆಸರು ಅಷ್ಟು ದೊಡ್ಡದಾಗಿ ಬಂದದ್ದು ಆಗಲೇ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಹವ್ಯಾಸಿಗಳಿಗೆಂದೇ ಒಂದು ಉಪಗ್ರಹ ಸಿದ್ಧವಾಗುತ್ತಿತ್ತು.

2005ರ ಮೇ 5ರಂದು ಶ್ರೀಹರಿಕೋಟಾದ ಹೊಸ, ಎರಡನೇ ಉಡಾವಣಾ ವೇದಿಕೆಯಿಂದ ಪಿಎಸ್‌ಎಲ್‌ವಿ-ಸಿ6 ಹೊರಟಿತು. ರಾಷ್ಟ್ರಪತಿ ಅಬ್ದುಲ್ ಕಲಾಂ ಅಲ್ಲಿದ್ದರು. ರಾಕೆಟ್ಟಿನ ಮುಖ್ಯ ಹೊರೆ 1560 ಕಿಲೋ ತೂಕದ ಕಾರ್ಟೊಸ್ಯಾಟ್-1. ಅದರ ಜೊತೆ ಹೋದದ್ದು 42.5 ಕಿಲೋ ತೂಕದ, ಒಂದೊಂದು ಬದಿಯೂ ಅರವತ್ತು ಸೆಂಟಿಮೀಟರಿನ ಆಸುಪಾಸಿನ ಒಂದು ಪೆಟ್ಟಿಗೆ, ಅದೇ ಹ್ಯಾಮ್‌ಸ್ಯಾಟ್. ಮರುದಿನದ ಪತ್ರಿಕೆಗಳಲ್ಲಿ ಕಾರ್ಟೊಸ್ಯಾಟ್‌ಗೆ ದೊಡ್ಡ ಜಾಗ, ಪೆಟ್ಟಿಗೆಗೆ ಒಂದೆರಡು ಸಾಲು. ಹ್ಯಾಮ್‌ಗಳಿಗೆ ಮಾತ್ರ ಲೆಕ್ಕ ತಿರುವುಮುರುವು. ಅಂದು ಮೊದಲ ಸಲ ಭಾರತದ್ದೇ ಆದ ಹವ್ಯಾಸಿ ಉಪಗ್ರಹ ಕಕ್ಷೆಯಲ್ಲಿತ್ತು. ಜಗತ್ತಿನ ಹವ್ಯಾಸಿ ಉಪಗ್ರಹಗಳ ಸಾಲಿನಲ್ಲಿ ಅದಕ್ಕೆ ಸಿಕ್ಕ ಹೆಸರು ವಿಯುಸ್ಯಾಟ್-ಆಸ್ಕರ್ 52, ನಮ್ಮ ಬಾಯಲ್ಲಿ ವಿಒ-52.

ಒಳಗೆ ಎರಡು ಟ್ರಾನ್ಸ್‌ಪಾಂಡರುಗಳಿದ್ದವು. ಒಂದನ್ನು ಭಾರತದ ಹ್ಯಾಮ್‌ಗಳು ಇಸ್ರೊ ಪರಿಣತರ ನೆರವಿನಿಂದ ಮಾಡಿದ್ದರು. ಇನ್ನೊಂದು ನೆದರ್‌ಲೆಂಡ್ಸಿನ ವೆನ್ಲೊ ಪಟ್ಟಣದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿ, ಪಿಇ1ಆರ್‌ಎಎಚ್ ಸಂಕೇತದ ಹವ್ಯಾಸಿ ವಿಲಿಯಂ ಲೇಯೆನಾರ್ ಅವರದು. ಇದನ್ನು ಸ್ವಲ್ಪ ನಿಂತು ನೋಡಬೇಕು. ಸರ್ಕಾರಿ ಸಂಸ್ಥೆಯೊಂದರ ಉಪಗ್ರಹದಲ್ಲಿ ಪರದೇಶದ ಒಬ್ಬ ವಿದ್ಯಾರ್ಥಿ ಮಾಡಿದ ಸರ್ಕ್ಯೂಟ್ ಹಾರಿತು. ಮಾಮೂಲಿ ವ್ಯವಹಾರದಲ್ಲಿ ಇಂಥದ್ದಕ್ಕೆ ಎರಡು ದೇಶಗಳ ನಡುವೆ ಒಪ್ಪಂದಗಳೇ ಆಗಬೇಕಿತ್ತು. ಹವ್ಯಾಸಿಗಳ ನಡುವೆ ಮಾತು ಬೇರೆ. ಇಬ್ಬರೂ ಕೇಳುವ ಪ್ರಶ್ನೆ ಒಂದೇ, ನಿನ್ನ ಸರ್ಕ್ಯೂಟ್ ಕಂಪನ ತಡೆಯುತ್ತದೆಯೇ, ಶಾಖ ತಡೆಯುತ್ತದೆಯೇ. ಸಂಸ್ಥೆಯ ಒಳಗೂ ಹ್ಯಾಮ್‌ಗಳು ಇದ್ದದ್ದರಿಂದಲೇ ಹೊರಗಿನ ಹ್ಯಾಮ್‌ನ ಕೆಲಸವನ್ನು ತೂಗಿ ನೋಡಿ ಒಪ್ಪಿಕೊಳ್ಳುವ ಧೈರ್ಯ ಬಂತು ಎಂಬುದು ನನ್ನ ಎಣಿಕೆ. ಹವ್ಯಾಸಿ ಉಪಗ್ರಹಾಸಕ್ತರ ಸಂಘಟನೆಯಾದ ಆಮ್ಸ್ಯಾಟ್-ಇಂಡಿಯಾ ಈ ಒಳಗು-ಹೊರಗನ್ನು ಬೆಸೆಯಿತು.

ಉಪಗ್ರಹ ಕೆಲಸ ಮಾಡುತ್ತಿದ್ದ ಬಗೆಯನ್ನು ಹೊಸಬರಿಗಾಗಿ ಬಿಡಿಸಿ ಹೇಳುತ್ತೇನೆ. ನೆಲದಿಂದ 435.220ರಿಂದ 435.280 ಮೆಗಾಹರ್ಟ್ಸ್ ನಡುವೆ ಕಳಿಸಿದ್ದನ್ನು ಅದು ಹಿಡಿದು, 145.870ರಿಂದ 145.930ರ ನಡುವೆ ಮರಳಿ ಬಿತ್ತರಿಸುತ್ತಿತ್ತು. ಪೂರಾ ಪಟ್ಟಿಯ ಅಗಲ 60 ಕಿಲೋಹರ್ಟ್ಸ್. ಸಿಂಗಲ್ ಸೈಡ್‌ಬ್ಯಾಂಡ್ ಮಾತಿಗೆ ಮೂರು ಕಿಲೋಹರ್ಟ್ಸ್ ಸಾಕು, ಆದ್ದರಿಂದ ಏಕಕಾಲಕ್ಕೆ ಹಲವು ಜೋಡಿಗಳು ಮಾತಾಡಬಹುದು. ಆದರೆ ಇಡೀ ಪಟ್ಟಿಗೆ ಇದ್ದ ಶಕ್ತಿ ಒಂದು ವಾಟ್! ಆ ಒಂದು ವಾಟನ್ನು ಎಲ್ಲರೂ ಹಂಚಿಕೊಳ್ಳಬೇಕು. ಯಾರಾದರೂ ನೂರು ವಾಟ್ ಒತ್ತಿ ಗಟ್ಟಿಯಾಗಿ ಬಂದರೆ ಮಿಕ್ಕವರ ದನಿ ಅಷ್ಟಷ್ಟು ಕುಗ್ಗುತ್ತದೆ. ಅದಕ್ಕೇ ಒಂದು ಶಿಸ್ತು ಇತ್ತು. ನಿನ್ನ ದನಿ ನಿನಗೆ ಮರಳಿ ಕೇಳುವಷ್ಟು ಶಕ್ತಿ ಸಾಕು, ಉಪಗ್ರಹ ಸದಾ ಕಳಿಸುವ ಗುರುತಿನ ಸಿಗ್ನಲ್ಲಾದ ಬೀಕನ್ನಿಗಿಂತ ಜೋರಾಗಿ ಕೇಳಿದರೆ ಕೂಡಲೇ ತಗ್ಗಿಸು. ಇದನ್ನು ನೋಡಿಕೊಳ್ಳಲು ಪೊಲೀಸರಿರಲಿಲ್ಲ. ಜೋರು ಮಾಡಿದವನಿಗೆ ಇನ್ನೊಬ್ಬ ಹ್ಯಾಮ್ ತನ್ನ ಸಂಕೇತ ಹೇಳಿ ಮೆಲ್ಲಗೆ ತಿಳಿಸುತ್ತಿದ್ದ, ಅಷ್ಟೆ.

ಉಪಗ್ರಹ ಸುಮಾರು 630 ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ, ತೊಂಬತ್ತೇಳು ನಿಮಿಷಕ್ಕೊಂದು ಸುತ್ತು ಹಾಕುತ್ತಿತ್ತು. ಅದು ನೆತ್ತಿಯ ಮೇಲೆ ಇರುವಾಗ ಸುಮಾರು 2700 ಕಿಲೋಮೀಟರ್ ತ್ರಿಜ್ಯದ ನೆಲವೆಲ್ಲ ಅದರ ಕಣ್ಣಳವಿಗೆ ಬರುತ್ತಿತ್ತು. ಬೆಂಗಳೂರಿನಿಂದ ದೆಹಲಿ, ಕೊಲಂಬೊ, ಬ್ಯಾಂಕಾಕ್ ಎಲ್ಲ ಎಟುಕಿನಲ್ಲೇ. ಕಾರ್ಟೊಸ್ಯಾಟ್ ಜೊತೆ ಹೋದದ್ದರಿಂದ ಮೊದಮೊದಲು ನಮ್ಮ ಮೇಲೆ ಅದು ಹಾಯುತ್ತಿದ್ದದ್ದು ಬೆಳಗಿನ ಹತ್ತು-ಹನ್ನೊಂದರ ಸುಮಾರಿಗೆ, ಮತ್ತೆ ರಾತ್ರಿ ಅದೇ ಹೊತ್ತಿಗೆ. ಬೆಳಗಿನ ಪಾಸ್ ಕಚೇರಿ ವೇಳೆ, ಉದ್ಯೋಗಿಗಳಿಗೆ ಕೈಗೆಟುಕದು. ದುಡಿಯುವ ಹ್ಯಾಮ್‌ಗಳ ಉಪಗ್ರಹ ಜೀವನವೆಲ್ಲ ರಾತ್ರಿ ಊಟದ ನಂತರದ್ದು.

ಒಂದು ಪಾಸ್ ಎಂದರೆ ಹೆಚ್ಚೆಂದರೆ ಹನ್ನೆರಡು ಹದಿಮೂರು ನಿಮಿಷ. ಟೆರೇಸಿನ ಮೇಲೆ ಯಾಗಿ ಆಂಟೆನಾವನ್ನು ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿ, ಹೆಡ್‌ಫೋನ್ ಹಾಕಿಕೊಂಡು ಬೀಕನ್ನಿಗೆ ಕಾಯಬೇಕು. ಸದ್ದಿನ ಅಡಿಯಿಂದ ತೆಳ್ಳಗಿನ ಒಂದು ಸಿಳ್ಳೆ ಎದ್ದು ಬರುತ್ತದೆ, ಉಪಗ್ರಹ ದಿಗಂತ ದಾಟಿ ಮೇಲೆ ಬಂತೆಂದು ಅರ್ಥ. ಈಗ ನಿಮ್ಮ ಸಂಕೇತ ಹೇಳಿ, ಡೌನ್‌ಲಿಂಕಿನಲ್ಲಿ ನಿಮ್ಮದೇ ದನಿಯನ್ನು ಹುಡುಕಬೇಕು. ಮೊದಲು ಕೇಳುವುದು ಬಾತುಕೋಳಿಯ ಕೂಗಿನಂಥದ್ದು, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅದು ಮನುಷ್ಯನ ದನಿಯಾಗುತ್ತದೆ, ಇನ್ನೂ ಒಂದಿಷ್ಟು ತಿರುಗಿಸಿದರೆ ನಿಮ್ಮ ದನಿಯಾಗುತ್ತದೆ. ಅಷ್ಟರಲ್ಲಿ ಅದು ಮತ್ತೆ ಜಾರಲು ಶುರು. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುವ ವಸ್ತುವಿನಲ್ಲಿ ಡಾಪ್ಲರ್ ಪರಿಣಾಮ ಬಿಡುವುದಿಲ್ಲ. 435 ಮೆಗಾಹರ್ಟ್ಸ್‌ನಲ್ಲಿ ಆವರ್ತನ ಸುಮಾರು ಹತ್ತು ಕಿಲೋಹರ್ಟ್ಸ್ ಆಚೀಚೆ ಸರಿಯುತ್ತದೆ, 145ರಲ್ಲಿ ಮೂರು ಚಿಲ್ಲರೆ. ವಿನ್ಯಾಸಕಾರರು ಇದಕ್ಕೊಂದು ಚೆಂದದ ಉಪಾಯ ಇಟ್ಟಿದ್ದರು. ಟ್ರಾನ್ಸ್‌ಪಾಂಡರ್ ಪಟ್ಟಿಯನ್ನು ತಲೆಕೆಳಗು ಮಾಡಿ ಕಳಿಸುತ್ತಿತ್ತು, ಮೇಲೆ ಹೋದ ಲೋವರ್ ಸೈಡ್‌ಬ್ಯಾಂಡ್ ಕೆಳಗೆ ಅಪ್ಪರ್ ಸೈಡ್‌ಬ್ಯಾಂಡ್ ಆಗಿ ಬರುತ್ತಿತ್ತು. ಹೀಗೆ ಮಾಡಿದಾಗ ಎರಡು ಡಾಪ್ಲರುಗಳು ಕೂಡುವ ಬದಲು ಒಂದರಲ್ಲೊಂದು ಕಳೆದುಕೊಂಡು, ಕೈಯಲ್ಲಿ ಸರಿಪಡಿಸಬೇಕಾದ ಜಾರು ಹದಿಮೂರರಿಂದ ಆರೇಳು ಕಿಲೋಹರ್ಟ್ಸಿಗೆ ಇಳಿಯುತ್ತಿತ್ತು. ಬಲಗೈ ಟ್ಯೂನಿಂಗಿನ ಮೇಲೆ, ಎಡಗೈ ಆಂಟೆನಾದ ಮೇಲೆ, ಕಿವಿ ಎದುರಿನವನ ಸಂಕೇತದ ಮೇಲೆ. ಸಂಕೇತ, ಸಿಗ್ನಲ್ ವರದಿ, ‘73’ ಎಂಬ ವಿದಾಯ. ಮುಂದಿನ ಹ್ಯಾಮ್ ಕಾಯುತ್ತಿರುತ್ತಾನೆ.

ಹ್ಯಾಮ್‌ಸ್ಯಾಟ್‌ನ ನಿಜವಾದ ಕೊಡುಗೆ ಅದನ್ನು ಬಳಸಲು ಬೇಕಾದ ಸಲಕರಣೆಯ ಅಗ್ಗತನದಲ್ಲಿದೆ. ಅದಕ್ಕೂ ಮೊದಲು ದೊಡ್ಡ ಹವ್ಯಾಸಿ ಉಪಗ್ರಹಗಳು ಭೂಮಿಯಿಂದ ಬಹುದೂರ ಹೋಗುವ ಕಕ್ಷೆಗಳಲ್ಲಿದ್ದವು. ಅವನ್ನು ಹಿಡಿಯಲು ಉದ್ದುದ್ದ ಆಂಟೆನಾ, ತಿರುಗಿಸುವ ಯಂತ್ರ, ದುಬಾರಿ ರಿಗ್ ಬೇಕಿತ್ತು. ಅಂಥವುಗಳಲ್ಲಿ ಹೆಸರಾಗಿದ್ದ ಎಒ-40 ಕೂಡ 2004ರಲ್ಲಿ ಮೌನವಾಗಿತ್ತು. ವಿಒ-52ಕ್ಕೆ ಅಲ್ಯೂಮಿನಿಯಂ ಕಡ್ಡಿಯಲ್ಲಿ ಮನೆಯಲ್ಲೇ ಮಾಡಿದ ಯಾಗಿ ಸಾಕಾಗುತ್ತಿತ್ತು. ದಕ್ಷಿಣ ಏಷ್ಯಾದ ಹವ್ಯಾಸಿಗಳ ಬಹುದಿನದ ಬೇಡಿಕೆ ಎಂದು ಇಸ್ರೊ ಇದನ್ನು ಕಟ್ಟಿತಾದರೂ ಯುರೋಪಿನವರು, ಜಪಾನಿನವರು, ಅಮೆರಿಕದವರು ಎಲ್ಲ ಸಮನಾಗಿ ಬಳಸಿದರು. ಬೆಂಗಳೂರಿನಲ್ಲಿ ಕಟ್ಟಿದ ಯಂತ್ರದ ಮೂಲಕ ಯಾರೋ ಇಬ್ಬರು ಅಪರಿಚಿತರು ಪರಸ್ಪರ ಹೆಸರು ಕೇಳಿಕೊಳ್ಳುತ್ತಿದ್ದರು. ಅದನ್ನು ನೆನೆದರೆ ನನಗೆ ಇಂದಿಗೂ ಹೆಮ್ಮೆಯಾಗುತ್ತದೆ.

ಎರಡು ವರ್ಷ ಬಾಳಿದರೆ ಸಾಕೆಂದು ಹಾರಿಸಿದ ಉಪಗ್ರಹ ಒಂಬತ್ತು ವರ್ಷ ದುಡಿಯಿತು. ಉಪಗ್ರಹಗಳ ಮೇಲೆ ನಿಗಾ ಇಡುವ ಇಸ್ರೊದ ಪೀಣ್ಯದ ಇಸ್ಟ್ರಾಕ್ ಕೇಂದ್ರ ಅದನ್ನು ನೋಡಿಕೊಳ್ಳುತ್ತಿತ್ತು. ಲಿಥಿಯಂ-ಅಯಾನ್ ಬ್ಯಾಟರಿ ಕೈಕೊಟ್ಟು 2014ರ ಜುಲೈ 11ರಂದು ಅದರ ಸೇವೆ ಮುಗಿಯಿತು. ಇಸ್ರೊ ಅದನ್ನು ಅಧಿಕೃತವಾಗಿ ತಿಳಿಸಿತು, ದೇಶವಿದೇಶಗಳ ಹ್ಯಾಮ್‌ಗಳು ಧನ್ಯವಾದ ಹೇಳಿದರು. ಅಂಥ ಪಟ್ಟಿಯ ಟ್ರಾನ್ಸ್‌ಪಾಂಡರ್ ಹೊತ್ತ ಇನ್ನೊಂದು ಇಸ್ರೊ ಉಪಗ್ರಹ ಅದರ ಬಳಿಕ ಬಂದಿಲ್ಲ ಎಂಬುದನ್ನು ಇಲ್ಲಿ ದಾಖಲಿಸದೆ ಹೋದರೆ ತಪ್ಪಾಗುತ್ತದೆ.

ಹವ್ಯಾಸಿ ಪಟ್ಟಿಯ ಮೇಲೆ ಕಾಲೇಜುಗಳ ಕಣ್ಣು ಬಿದ್ದದ್ದು ವಿಒ-52 ಇನ್ನೂ ದುಡಿಯುತ್ತಿದ್ದ ಕಾಲದಲ್ಲೇ. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋದ ಸ್ಟಡ್‌ಸ್ಯಾಟ್ ಒಂದು ಕಿಲೋಗೂ ಕಡಿಮೆ ತೂಕದ್ದು. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅದನ್ನು ಕಟ್ಟಿದ್ದರು, ಯಲಹಂಕದ ನಿಟ್ಟೆ ಮೀನಾಕ್ಷಿ ಕಾಲೇಜಿನಲ್ಲಿ ನೆಲ ಕೇಂದ್ರವಿತ್ತು. ಅದರ ಬೀಕನ್ 437 ಮೆಗಾಹರ್ಟ್ಸ್‌ನ ಹವ್ಯಾಸಿ ಪಟ್ಟಿಯಲ್ಲಿ ಮೋರ್ಸ್ ಮಿಡಿಯಿತು. ಆ ಮಿಡಿತವನ್ನು ಹಿಡಿದು ಹೇಳಲು ಊರೂರಲ್ಲಿ ಹ್ಯಾಮ್‌ಗಳು ಇದ್ದರು. 2019ರ ಏಪ್ರಿಲ್ 1ರಂದು ಪಿಎಸ್‌ಎಲ್‌ವಿ-ಸಿ45ರ ನಾಲ್ಕನೇ ಹಂತವನ್ನು ಕೆಲಸ ಮುಗಿದ ಮೇಲೂ ಕಕ್ಷೆಯಲ್ಲಿ ಪ್ರಯೋಗಗಳಿಗೆ ಬಳಸಿದಾಗ, ಅದರ ಮೇಲೆ ಹವ್ಯಾಸಿಗಳ ಸ್ಥಾನ ಮತ್ತು ಕಿರುಸಂದೇಶ ಸಾರುವ, ಆಮ್ಸ್ಯಾಟ್-ಇಂಡಿಯಾದ ಎಪಿಆರ್‌ಎಸ್ ಮರುಪ್ರಸಾರಕವೊಂದಕ್ಕೂ ಜಾಗ ಸಿಕ್ಕಿತು.

2025ರ ಜುಲೈ 4ರ ಮಧ್ಯಾಹ್ನದ ಬಗ್ಗೆ ಎಲ್ಲರಿಗೂ ಗೊತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಹ್ಯಾಮ್ ರೇಡಿಯೊದಲ್ಲಿ ವಿದ್ಯಾರ್ಥಿಗಳೊಡನೆ ಮಾತಾಡಿದರು, ವಿದ್ಯಾರ್ಥಿಗಳು ಸೇರಿದ್ದದ್ದು ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ನಾಲ್ಕು ದಿನದ ಮೇಲೆ ಮೇಘಾಲಯದಲ್ಲಿ ಇನ್ನೊಂದು ಸಂಪರ್ಕ ನಡೆಯಿತು. ಇಂಥ ಸಂಪರ್ಕಕ್ಕೆ ಸಿಗುವುದು ಹತ್ತು ನಿಮಿಷ, ತಯಾರಿ ತಿಂಗಳುಗಟ್ಟಲೆ. ಪ್ರಶ್ನೆಗಳನ್ನು ಮೊದಲೇ ಬರೆದು ಕ್ರಮ ಹಚ್ಚಬೇಕು, ಮಕ್ಕಳಿಗೆ ಪ್ರಶ್ನೆಯ ಕೊನೆಗೆ ‘ಓವರ್’ ಹೇಳುವ ಅಭ್ಯಾಸ ಮಾಡಿಸಬೇಕು, ಮುಖ್ಯ ರೇಡಿಯೊಗೆ ಬದಲಿ ರೇಡಿಯೊ, ಬದಲಿ ವಿದ್ಯುತ್ತು ಪಕ್ಕದಲ್ಲೇ ಇರಬೇಕು. ಗಗನಯಾತ್ರಿ ಉತ್ತರ ಹೇಳುವಾಗ ನಿಲ್ದಾಣ ಓಡುತ್ತಲೇ ಇರುತ್ತದೆ, ನಿಲ್ಲಿಸಿ ಮತ್ತೊಮ್ಮೆ ಕೇಳುವ ಅವಕಾಶವಿಲ್ಲ. ಉಪಗ್ರಹ ಪಾಸ್‌ಗಳಲ್ಲಿ ಕೈ ಪಳಗಿದವರು ಊರಿನಲ್ಲಿ ಇದ್ದರೆ ಮಾತ್ರ ಇದೆಲ್ಲ ಗಾಬರಿಯಿಲ್ಲದೆ ಆಗುತ್ತದೆ.

ಮುಂದಿನ ಯೋಜನೆಯ ಬಗ್ಗೆ ಬರೆಯಲು ಸಂಪಾದಕರು ಕೇಳಿದ್ದಾರೆ. ಕ್ಲಬ್ಬಿನ ವಾರ್ಷಿಕ ಪಂಚಾಂಗ ತಾನಾಗಿಯೇ ಸಿದ್ಧವಿದೆ. ಏಪ್ರಿಲ್ 18 ವಿಶ್ವ ಹವ್ಯಾಸಿ ರೇಡಿಯೊ ದಿನ, 1925ರಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ಒಕ್ಕೂಟ ಹುಟ್ಟಿದ ದಿನ. ಮರುದಿನವೇ ಆರ್ಯಭಟ ಹಾರಿದ ದಿನ. ಉಪಗ್ರಹ ಕೇಂದ್ರದ ಕ್ಲಬ್ಬಿಗೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕೇ? ಆ ಎರಡು ದಿನ ಕ್ಲಬ್ ಗಾಳಿಯ ಮೇಲೆ ಇರಲೇಬೇಕು. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ, ಅದೇ ತಿಂಗಳ ಮೂರನೇ ವಾರಾಂತ್ಯಕ್ಕೆ ಸ್ಕೌಟುಗಳ ರೇಡಿಯೊ ಜಾಂಬೂರಿ. ಶಾಲೆಗಳನ್ನು ಕರೆಯಲು, ಶಾಲೆಗಳಿಗೆ ಹೋಗಲು ಅದು ತಕ್ಕ ಕಾಲ. ಮಕ್ಕಳು ಆವರಣಕ್ಕೆ ಬರಲು ಅನುಮತಿಯ ತೊಡಕಿದ್ದರೆ ಒಂದು ರಿಗ್, ಒಂದು ಮಡಚುವ ಯಾಗಿ ಕಟ್ಟಿಕೊಂಡು ನಾವೇ ಹೋಗಬೇಕು. ಹನ್ನೆರಡು ತುಂಬಿದ ಮಗು ಪರೀಕ್ಷೆ ಬರೆದು ಹ್ಯಾಮ್ ಆಗಬಹುದು ಎಂಬುದು ಎಷ್ಟೋ ಮೇಷ್ಟರಿಗೇ ಗೊತ್ತಿಲ್ಲ. ಪರೀಕ್ಷೆಗೆ ಓದಲು ಕನ್ನಡದಲ್ಲಿ ಒಂದು ಒಳ್ಳೆಯ ಕೈಪಿಡಿಯನ್ನು ಬರೆಯಬಲ್ಲವರು ಇದೇ ಕ್ಲಬ್ಬುಗಳಲ್ಲಿ ಇದ್ದಾರೆ. ಅವರನ್ನು ಹಿಡಿದು ಕೂರಿಸಬೇಕು.

ಕ್ಲಬ್ಬಿನ ಒಳಗೆ ಮೊದಲು ಆಗಬೇಕಾದದ್ದು ಲಾಗ್ ಪುಸ್ತಕಗಳ ರಕ್ಷಣೆ. ಹ್ಯಾಮ್ ಕ್ಲಬ್ಬಿನ ಇತಿಹಾಸ ವರದಿಗಳಲ್ಲಿ ಸಿಗುವುದಿಲ್ಲ. ಯಾವ ದಿನ, ಯಾವ ಗಳಿಗೆ, ಯಾವ ಆವರ್ತನ, ಎದುರು ಯಾರು ಎಂಬ ಸಾಲುಗಳಲ್ಲಿ, ಸಂಪರ್ಕವನ್ನು ದೃಢಪಡಿಸುವ ಕ್ಯೂಎಸ್‌ಎಲ್ ಕಾರ್ಡಿನ ಹಿಂಬದಿಯ ಕೈಬರಹದಲ್ಲಿ ಅದು ಇರುತ್ತದೆ. ನಿವೃತ್ತರಾಗುವವರ ಖಾನೆ ಖಾಲಿ ಮಾಡುವ ದಿನ ಇಂಥವು ರದ್ದಿಗೆ ಹೋಗುತ್ತವೆ. ಹ್ಯಾಮ್‌ಸ್ಯಾಟ್ ಕೆಲಸದಲ್ಲಿದ್ದವರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೂರಿಸಿ ಮಾತು ಮುದ್ರಿಸಿಕೊಳ್ಳಬೇಕು. ಹಾಗೆಯೇ ಪರವಾನಗಿಯ ಹೊಣೆ ಒಬ್ಬರ ಮೇಲೆ ನಿಲ್ಲಬಾರದು. ಪ್ರತಿ ವರ್ಷ ಹೊಸದಾಗಿ ಕೆಲಸಕ್ಕೆ ಸೇರುವ ಎಂಜಿನಿಯರುಗಳಲ್ಲಿ ನಾಲ್ಕಾರು ಜನರನ್ನಾದರೂ ಪರೀಕ್ಷೆಗೆ ಕೂರಿಸುವುದು ಕಾರ್ಯಕಾರಿ ಸಮಿತಿಯ ನಿತ್ಯದ ಕೆಲಸವಾಗಬೇಕು. ಉಪಗ್ರಹದ ಗ್ರಾಹಕವನ್ನು ಪರದೆಯ ಮೇಲೆ ವಿನ್ಯಾಸ ಮಾಡುವ ಹುಡುಗಿ ಟೆರೇಸಿನ ಮೇಲೆ ನಿಂತು ಒಂದು ದುರ್ಬಲ ಸಿಗ್ನಲ್ಲನ್ನು ತನ್ನ ಕಿವಿಯಿಂದ ಹುಡುಕಿದರೆ ಅವಳ ವಿನ್ಯಾಸಕ್ಕೂ ಒಳ್ಳೆಯದು.

ಕೊನೆಯದಾಗಿ, ಟ್ರಾನ್ಸ್‌ಪಾಂಡರ್. ಈಗ ದಾರಿ ಮೊದಲಿಗಿಂತ ಸಲೀಸಾಗಿದೆ. ಪಿಎಸ್‌ಎಲ್‌ವಿಯ ಕೊನೆಯ ಹಂತವನ್ನೇ ಪ್ರಯೋಗ ವೇದಿಕೆಯಾಗಿ ಬಳಸುವ ‘ಪೋಯೆಮ್’ 2022ರಿಂದ ನಡೆದಿದೆ. 2024ರ ಡಿಸೆಂಬರ್ 30ರಂದು ಉಪಗ್ರಹ ಜೋಡಣೆಯ ಪ್ರಯೋಗವಾದ ಸ್ಪೇಡೆಕ್ಸ್ ಜೊತೆ ಹೋದ ನಾಲ್ಕನೇ ಪೋಯೆಮ್‌ನಲ್ಲಿ ಚಿಕ್ಕಬಳ್ಳಾಪುರದ ಎಸ್‌ಜೆಸಿ ತಾಂತ್ರಿಕ ವಿದ್ಯಾಲಯದ ‘ಬಿಜಿಎಸ್ ಅರ್ಪಿತ್’ ಎಂಬ ಹವ್ಯಾಸಿ ರೇಡಿಯೊ ಉಪಕರಣ ಇತ್ತು, ದನಿ, ಪಠ್ಯ, ಚಿತ್ರ ಮೂರನ್ನೂ ನೆಲಕ್ಕೆ ಕಳಿಸುವಂಥದ್ದು. ಚಿಕ್ಕಬಳ್ಳಾಪುರದಿಂದ ಹೊರಟದ್ದು ಕಕ್ಷೆಗೆ ಮುಟ್ಟಬಹುದಾದರೆ ವಿಮಾನಪುರದ ಕ್ಲಬ್ ಅರವತ್ತು ಕಿಲೋಹರ್ಟ್ಸ್ ಪಟ್ಟಿಯ ಟ್ರಾನ್ಸ್‌ಪಾಂಡರನ್ನು ಮತ್ತೆ ಮಾಡದಿರಲು ಕಾರಣವಿಲ್ಲ. ವಿನ್ಯಾಸ ನಮ್ಮದೇ ಇದೆ, ಒಂಬತ್ತು ವರ್ಷ ಬಾಹ್ಯಾಕಾಶದಲ್ಲಿ ನಡೆದು ತೋರಿಸಿದೆ. ಪೋಯೆಮ್‌ನ ಆಯುಷ್ಯ ಕೆಲವೇ ತಿಂಗಳು, ನಾಲ್ಕನೆಯದು 2025ರ ಏಪ್ರಿಲ್ ಮೊದಲ ವಾರವೇ ವಾತಾವರಣಕ್ಕೆ ಇಳಿದು ಉರಿದುಹೋಯಿತು. ಆದ್ದರಿಂದ ಮೊದಲು ಪೋಯೆಮ್‌ನಲ್ಲಿ ಪರೀಕ್ಷೆ, ಆಮೇಲೆ ಸ್ವಂತ ಸೌರಫಲಕ, ಸ್ವಂತ ಬ್ಯಾಟರಿ ಇರುವ ಪುಟ್ಟ ಉಪಗ್ರಹ ಎಂಬ ಎರಡು ಹೆಜ್ಜೆಯ ಪ್ರಸ್ತಾವವನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಬೇಕೆಂದು ನನ್ನ ಕೋರಿಕೆ. ಆವರ್ತನ ಹೊಂದಾಣಿಕೆಯ ಅರ್ಜಿಗೆ ತಿಂಗಳುಗಳೇ ಹಿಡಿಯುತ್ತವೆ, ಅದನ್ನು ಮೊದಲು ಶುರು ಮಾಡಬೇಕು.